ಉರಿ ತೆಗೆಯುವ ರೆಜೀನ್

ಜೂರಾ ಬೆಟ್ಟದ ಮೇಲಿನ ಪ್ರೆಲಾ ಎಂಬ ಊರಿನಲ್ಲಿ ರೆಜೀನ್ ಕಾಟೆನ್‌ಗೆ ಯಾರು ಫೋನ್ ಮಾಡಿದರೂ ಮಾತಿನ ಕೊನೆಯಲ್ಲಿ ತಡವರಿಸುತ್ತಿದ್ದರು. ಒಲೆಗೆ ಕೈ ತಗುಲಿಸಿಕೊಂಡವರು, ಸರ್ಪಸುತ್ತು ಎದ್ದವರು, ಮಗುವಿನ ಮೇಲೆ ಬಿಸಿ ಹಾಲು ಚೆಲ್ಲಿಹೋದ ತಾಯಂದಿರು, ಎಲ್ಲರೂ ತಮ್ಮ ಕಷ್ಟವನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಅವಳು ಹೆಸರು ಕೇಳುವಳು, ಹುಟ್ಟಿದ ದಿನ ಕೇಳುವಳು, ಮೈಯ ಯಾವ ಕಡೆ ಎಂದು ಕೇಳುವಳು, "ಆಯ್ತು, ಮಾಡ್ತೀನಿ" ಅನ್ನುವಳು. ಆಮೇಲೆ ಆ ಕಡೆಯವರಿಗೆ ಏನು ಹೇಳಿ ಫೋನ್ ಇಡಬೇಕೆಂದು ತೋಚುತ್ತಿರಲಿಲ್ಲ. ಉರಿ ತೆಗೆಯುವವರಿಗೆ ಉಪಕಾರವಾಯಿತು ಅನ್ನಬಾರದು. ಹಾಗೆ ಅಂದುಬಿಟ್ಟರೆ ತೆಗೆದ ಉರಿ ತಿರುಗಿ ಬರುತ್ತದೆ. ಇದು ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

"ಹಂಗಾದ್ರೆ... ನಿಮ್ಮ ಕಡೆ ಮಂಜು ಕರಗ್ತಾ?" ಎಂದು ಕೇಳುವರು ಕೆಲವರು.

"ಕರಗ್ತಾ ಇದೆ."

"ಸರಿ ಹಂಗಾದ್ರೆ."

ಅಲ್ಲಿಗೆ ಮುಗಿಯುತ್ತಿತ್ತು. ದುಡ್ಡನ್ನೂ ಮುಟ್ಟಬಾರದು, ಮೆಚ್ಚುಗೆಯನ್ನೂ ಕೇಳಬಾರದು. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಯಾರೋ ಒಂದು ಕೆನೆ ರೊಟ್ಟಿ ಇಟ್ಟು ಹೋಗಿರುತ್ತಿದ್ದರು. ಯಾರೆಂದು ಅವಳು ವಿಚಾರಿಸುತ್ತಿರಲಿಲ್ಲ.

ಅವಳ ಹೊಟ್ಟೆಪಾಡಿನ ಕೆಲಸ ಬೇರೆ. ಊರಿನ ಕೆಳಗಣ ಡೇರಿಯಲ್ಲಿ ಅವಳು ಚೀಸ್ ತೊಳೆಯುತ್ತಿದ್ದಳು. ನೆಲಮಾಳಿಗೆಯ ಹಲಗೆಗಳ ಮೇಲೆ ಚೀಸ್ ಗುಂಡುಗಳು ಬೋಳು ತಲೆಗಳಂತೆ ಸಾಲಾಗಿ ಕೂತಿರುತ್ತವೆ. ಅವನ್ನು ಒಂದೊಂದಾಗಿ ತಿರುವಿಹಾಕಬೇಕು, ಉಪ್ಪುನೀರಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಬೇಕು, ಮತ್ತೆ ಹಲಗೆಗೆ ಇಡಬೇಕು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮತ್ತೆ ಕಾಯುತ್ತಿರುತ್ತದೆ. ಉಪ್ಪು, ಹುಳಿ, ತಣ್ಣನೆಯ ತೇವ ಇವುಗಳಲ್ಲೇ ಇದ್ದು ಇದ್ದು ಅವಳ ಅಂಗೈ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. ಊರಿನ ಉರಿಯನ್ನೆಲ್ಲ ತೆಗೆಯುವವಳ ಕೈಯುರಿ ಮಾತ್ರ ಹೋಗುತ್ತಿರಲಿಲ್ಲ, ಏಕೆಂದರೆ ಉರಿ ತೆಗೆಯುವ ಗುಟ್ಟು ಗೊತ್ತಿರುವವರಿಗೆ ಅದನ್ನು ತಮಗೆ ತಾವೇ ಮಾಡಿಕೊಳ್ಳಲು ಬರುವುದಿಲ್ಲ.

"ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ನೀನೇ ಕಣೆ," ಎಂದು ಡೇರಿಯ ಯಜಮಾನ ಅರ್ಮಾನ್ ಆಗಾಗ ರೇಗಿಸುತ್ತಿದ್ದ. "ಚೀಸಿಗೆ ಹಚ್ಚೋ ಉಪ್ಪು ನಿನ್ನ ಕೈಗೇ ಹೆಚ್ಚಾಗಿ ಹಿಡೀತಿದೆ. ನಿನ್ನನ್ನೇ ಹಲಗೆ ಮೇಲೆ ಇಟ್ರೆ ಚಳಿಗಾಲಕ್ಕೆ ಮಾರಬಹುದು."

"ನನ್ನನ್ನ ಕೊಂಡವರು ಹಲ್ಲು ಮುರ್ಕೋತಾರೆ," ಅನ್ನುತ್ತಿದ್ದಳು ರೆಜೀನ್, ಬ್ರಷ್ಷು ನಿಲ್ಲಿಸದೆ.

ಗುಟ್ಟು ಅವಳಿಗೆ ಬಂದದ್ದು ಧರ್ಮತಾಯಿ ಫಿಲೊಮೆನ್‌ಳಿಂದ. ದೀಕ್ಷಾಸ್ನಾನದ ದಿನ ಇಗರ್ಜಿಯಲ್ಲಿ ಹಸುಗೂಸು ರೆಜೀನ್‌ಳನ್ನು ಎತ್ತಿಕೊಂಡು ನಿಂತಿದ್ದವಳು ಅವಳೇ. ಮುದುಕಿ ಒಂದು ದಿನ ಕೋಳಿಗೂಡಿನ ಹಿಂದೆ ಕರೆದು ಕೆಲವು ಮಾತು ಹೇಳಿಕೊಟ್ಟಳು, ತಿರುಗಿ ಹೇಳಿಸಿದಳು, ತಪ್ಪಿದಲ್ಲಿ ತೊಡೆ ಚಿವುಟಿದಳು. ಮಾತುಗಳ ಜೊತೆಗೆ ಕಟ್ಟುಪಾಡುಗಳನ್ನೂ ಹೇಳಿದಳು. ಕೇಳಿದವರಿಗೆ ಇಲ್ಲ ಅನ್ನಬಾರದು. ವಾಸಿಯಾಗುತ್ತದೆ ಎಂದೂ ಹೇಳಬಾರದು, ಆಗುವುದಿಲ್ಲ ಎಂದೂ ಹೇಳಬಾರದು. ಒಂದು ಬೆಂಕಿಗೆ ಒಂದೇ ಕೈ: ಒಬ್ಬರು ತೆಗೆಯಲು ಹಿಡಿದ ಉರಿಗೆ ಇನ್ನೊಬ್ಬರು ಕೈ ಹಾಕಬಾರದು. ಹಿಡಿದವರು ತಾವಾಗಿಯೇ ಬಿಟ್ಟುಕೊಟ್ಟರೆ ಮಾತ್ರ, ಯಾರಿಗೆ ಬಿಟ್ಟುಕೊಟ್ಟರೋ ಆ ಉರಿ ಅವರದು. ಗುಟ್ಟನ್ನು ಬದುಕಿನಲ್ಲಿ ಒಬ್ಬರಿಗೆ ಮಾತ್ರ ದಾಟಿಸಬೇಕು. ದಾಟಿಸಿದ ಮೇಲೆ ಅದು ಕೊಟ್ಟವರ ಬಾಯಲ್ಲಿ ಬರೀ ಶಬ್ದ. ಫಿಲೊಮೆನ್‌ಗೂ ಹಾಗೇ ಆಯಿತು. ಹೇಳಿಕೊಟ್ಟ ವಾರದಲ್ಲೇ ಕುದಿಯುವ ಸಾರು ಪಾದದ ಮೇಲೆ ಬಿದ್ದಾಗ ಮುದುಕಿ ನಡುಗುವ ದನಿಯಲ್ಲಿ ಹುಡುಗಿಗೇ ಫೋನ್ ಮಾಡಿದ್ದಳು.

ಕೆಳಗಿನ ಪಟ್ಟಣದ ಆಸ್ಪತ್ರೆಯ ತುರ್ತು ವಿಭಾಗದಿಂದಲೂ ಕರೆ ಬರುತ್ತಿತ್ತು. ಅದರಲ್ಲಿ ಅಲ್ಲಿ ಯಾರಿಗೂ ವಿಚಿತ್ರ ಕಾಣಿಸುತ್ತಿರಲಿಲ್ಲ. ಸುಟ್ಟು ಬಂದವರು, ಮೈತುಂಬ ಗುಳ್ಳೆ ಎದ್ದು ಬಂದವರು, "ಡಾಕ್ಟರು ಅವರ ಕೆಲಸ ಮಾಡ್ಲಿ, ನೀವು ಉರಿ ತೆಗೆಯೋರಿಗೆ ಒಂದು ಫೋನ್ ಹಾಕಿ" ಅನ್ನುತ್ತಿದ್ದರು. ನರ್ಸುಗಳು ಹಾಕುತ್ತಿದ್ದರು. ಹಾಗೆ ಹೆಚ್ಚಾಗಿ ಫೋನ್ ಮಾಡುತ್ತಿದ್ದವಳು ನಾದೆಜ್ ಜೋಬೆನ್ ಎಂಬ ನರ್ಸ್. ಚುಟುಕು ಮಾತಿನ ಹೆಂಗಸು. ಹೆಸರು, ಹುಟ್ಟಿದ ದಿನ, ಎಡ, ಬಲ, ಅಷ್ಟೇ.

ಅವರಿಬ್ಬರೂ ಮುಖ ನೋಡಿದ್ದು ರೆಜೀನ್ ತಾನೇ ರೋಗಿಯಾಗಿ ಹೋದಾಗ. ಒಂದು ಶರತ್ಕಾಲದಲ್ಲಿ ಅವಳ ಅಂಗೈಯ ಬಿರುಕಿಗೆ ನಂಜಾಯಿತು. ಮುಂಗೈವರೆಗೂ ಕೆಂಪು ಗೆರೆಯೊಂದು ಹಾವಿನ ಮರಿಯಂತೆ ಹರಿಯಿತು. ಅವಳು ಕೋಟಿನ ತೋಳು ಎಳೆದುಕೊಂಡು ಕೆಲಸ ಮುಂದುವರಿಸಿದಳು. ಅರ್ಮಾನ್ ಅದನ್ನು ಕಂಡವನೇ ಬ್ರಷ್ಷು ಕಿತ್ತುಕೊಂಡು, ಅವಳನ್ನು ವ್ಯಾನಿಗೆ ಹತ್ತಿಸಿ, ದಾರಿಯುದ್ದಕ್ಕೂ ಬೈಯುತ್ತ ಕರೆದುಕೊಂಡು ಹೋದ.

ಹೆಸರು ಕೇಳಿದ ನರ್ಸ್ ತಲೆ ಎತ್ತಿದಳು.

"ನೀವೇನಾ ಮೇಡಂ ಕಾಟೆನ್? ಫೋನಲ್ಲಿ ಇಷ್ಟು ದಪ್ಪ ದನಿ. ನಾನು ಆರಡಿ ಹೆಂಗಸು ಅಂದ್ಕೊಂಡಿದ್ದೆ!"

"ನಾನು ನಿಮ್ಮನ್ನ ಮುದುಕಿ ಅಂದ್ಕೊಂಡಿದ್ದೆ," ಎಂದಳು ರೆಜೀನ್.

ನಾದೆಜ್ ನಕ್ಕಳು. ಆಮೇಲೆ ಕೈ ನೋಡಿ ನಗು ನಿಲ್ಲಿಸಿದಳು. ಸೂಜಿ ಚುಚ್ಚಿ ಔಷಧಿ ಹನಿಯುತ್ತಿದ್ದಷ್ಟು ಹೊತ್ತೂ ಪಕ್ಕದಲ್ಲಿ ಕೂತು ಮಾತಾಡಿದಳು. ಚರ್ಮದ ಕಾಯಿಲೆ ಅಂದರೆ ಜನ ಎರಡು ಥರ ಬರುತ್ತಾರಂತೆ. ಸೊಳ್ಳೆ ಕಚ್ಚಿದ್ದಕ್ಕೆ ಸಾಯುತ್ತೇನೆಂದು ಓಡಿಬರುವವರು ಒಂದು ಥರ. ಸಾಯುವ ಹಾಗಿದ್ದರೂ ತೋಳು ಎಳೆದುಕೊಂಡು ಮನೆಯಲ್ಲಿ ಕೂರುವವರು ಇನ್ನೊಂದು ಥರ.

"ಮೊದಲನೆಯವರನ್ನ ನಾವು ಬೈಕೋತೀವಿ. ಎರಡನೆಯವರಿಗೆ ಹೆದರ್ತೀವಿ," ಎಂದಳು ನಾದೆಜ್. "ಬೇಜಾರ್ ಮಾಡ್ಕೋಬೇಡಿ. ನಿಮ್ಮಂಥೋರು ಉರಿ ತೆಗೆದುಬಿಟ್ರೆ ನೋವು ಹೋಗುತ್ತೆ. ನೋವು ಹೋಯ್ತು ಅಂತ ಅವರು ಬರೋದೇ ಇಲ್ಲ. ಕೆಂಪು ಹರಡ್ತಾ ಇದ್ರೆ ಕಳಿಸಿ. ಜ್ವರ ಬಂದ್ರೆ ಕಳಿಸಿ. ಸರ್ಪಸುತ್ತು ಮುಖದ ಮೇಲೆ ಬಂದ್ರಂತೂ, ಮೂಗಿನ ತುದೀಲಿ ಒಂದೇ ಒಂದು ಗುಳ್ಳೆ ಕಂಡ್ರೂ ಸಾಕು, ಕಣ್ಣಿಗೆ ಇಳೀತಾ ಇದೆ ಅಂತ ಅರ್ಥ. ಆವತ್ತೇ ಕಳಿಸಿ."

ಆ ದಿನದಿಂದ ರೆಜೀನ್ ತನ್ನ "ಆಯ್ತು, ಮಾಡ್ತೀನಿ"ಯ ಹಿಂದೆ ಇನ್ನೊಂದು ಮಾತು ಸೇರಿಸತೊಡಗಿದಳು: "ಆದ್ರೆ ಆಸ್ಪತ್ರೆಗೂ ಹೋಗಿ." ಕೆಲವರು ಹೋದರು. ಕೆಲವರು ಮುನಿಸಿಕೊಂಡರು. ಗುಟ್ಟಿಗೆ ವಯಸ್ಸಾಯಿತೇನೋ ಎಂದು ಬೇಕರಿಯಲ್ಲಿ ಮಾತಾಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಹೇಳುವುದು ಬೇರೆ, ಕಳಿಸುವುದು ಬೇರೆ ಎಂಬುದು ಅವಳಿಗೆ ಗೊತ್ತಾದದ್ದು ಉರ್ಬೆನ್ ಫ್ರೆಸಾರ್‌ನ ಹಣೆಯ ಮೇಲೆ ಸರ್ಪ ಎದ್ದಾಗ.

ಉರ್ಬೆನ್ ಅವಳ ಭಾವ. ಅಕ್ಕ ಸೊಲಾಂಜ್ ತೀರಿಹೋಗಿ ಬಹಳ ಕಾಲವಾಗಿತ್ತು, ಭಾವ ಎಂಬ ಕರೆ ಮಾತ್ರ ಉಳಿದಿತ್ತು. ಊರಿನ ಮೇಲ್ದಂಡೆಯಲ್ಲಿ ಅವನಿಗೆ ಹುಲ್ಲುಗಾವಲು, ಕೆಲವು ಹಸು, ಜೀವಕ್ಕಿಂತ ಹೆಚ್ಚಾದ ಕಂದು ಕುದುರೆಗಳು. ಊರಿಗೆಲ್ಲ ಒಂದು ದಾರಿಯಾದರೆ ಅವನಿಗೊಂದು ದಾರಿ. ಏಪ್ರಿಲ್ ತಿಂಗಳು, ಬೇಲಿಯ ನೆರಳಲ್ಲಿ ಮಾತ್ರ ಮಂಜು ಉಳಿದಿತ್ತು. ರೆಜೀನ್ ನೆಲಮಾಳಿಗೆಯಲ್ಲಿದ್ದಾಗ ಏಪ್ರನ್ನಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ರೆಜೀನ್, ನಾನು ಕಣೆ."

"ಏನ್ ಭಾವ, ಕುದುರೆ ಮರಿ ಹಾಕ್ತಾ?"

"ಅದಿನ್ನೂ ಸತಾಯಿಸ್ತಾ ಇದೆ, ನಿಮ್ಮಕ್ಕನ ಹಂಗೆ. ಇದು ನನಗೇ ಬಂದಿರೋದು. ಸರ್ಪ. ಹಣೆ ಮೇಲೆ. ಕಾದ ಹಂಚಿಗೆ ತಲೆ ಒತ್ತಿ ಹಿಡಿದಂಗಿದೆ. ಸ್ವಲ್ಪ ತೆಗಿ."

"ಹೆಸರು ಹೇಳು, ಹುಟ್ಟಿದ ದಿನ ಹೇಳು."

"ನನ್ನ ಹೆಸರು ನಿನಗೆ ಗೊತ್ತಿಲ್ವೇನೇ? ನನ್ನ ಮದುವೇಲಿ ಮೂರು ತಟ್ಟೆ ಹಂದಿಮಾಂಸ ತಿಂದೋಳು!"

"ಎಲ್ಲರಿಗೂ ಒಂದೇ ನಿಯಮ. ಹೇಳು ಭಾವ."

ಅವನು ಗೊಣಗುತ್ತ ಹೇಳಿದ. ಎಡಗಡೆ ಎಂದ. ಅವಳು ಬ್ರಷ್ಷು ಕೆಳಗಿಟ್ಟು, ಹಲಗೆಗಳ ಸಾಲಿನ ಕೊನೆಗೆ ಹೋಗಿ, ಗೋಡೆಯ ಕಡೆ ತಿರುಗಿ ಮಾಡಿದಳು. ಚೀಸ್ ಗುಂಡುಗಳ ಹೊರತು ಅಲ್ಲಿ ಯಾರೂ ಇರಲಿಲ್ಲ. ಇನ್ನೂ ಒಂದು ಸಾಲು ಮುಗಿದಿರಲಿಲ್ಲ, ಮತ್ತೆ ಫೋನ್ ಬಂತು.

"ಹೋಯ್ತು ಕಣೆ! ಯಾರೋ ಮಂಜು ಒತ್ತಿದಂಗಾಯ್ತು. ಈಗ ಬರೀ ಜುಮುಜುಮು."

"ಕಣ್ಣು ಹೆಂಗಿದೆ?"

"ಕಣ್ಣಿಗೇನು? ರೆಪ್ಪೆ ಸ್ವಲ್ಪ ಊದಿದೆ. ಕುದುರೆಗೆ ಮೂರು ಕಾಲು ಕಾಣಿಸ್ತಿದೆ, ನಾಲ್ಕನೇದು ಇದ್ದೇ ಇರುತ್ತೆ ಅಂತ ನಂಬ್ಕೊಂಡಿದೀನಿ."

"ತಮಾಷೆ ಬೇಡ ಭಾವ. ಆಸ್ಪತ್ರೆಗೆ ಹೋಗು."

"ಉರೀನೇ ಇಲ್ಲ, ಹೋಗಿ ಏನಂತ ಹೇಳ್ಲಿ? ಏನೂ ನೋವಿಲ್ಲ ಡಾಕ್ಟ್ರೇ, ಸುಮ್ನೆ ನಿಮ್ಮ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ, ಅನ್ನಲಾ?" ಎಂದವನೇ ಫೋನ್ ಇಟ್ಟ.

ಕೆಲಸ ಬಿಟ್ಟ ಕೂಡಲೇ ಅವಳು ಅವನ ಮನೆಗೆ ಹೋದಳು. ಅಡುಗೆಮನೆಗೂ ಕುದುರೆಲಾಯಕ್ಕೂ ನಡುವೆ ಒಂದೇ ಬಾಗಿಲು. ಅವನು ಆ ಬಾಗಿಲನ್ನು ತೆರೆದಿಟ್ಟುಕೊಂಡು, ಗಬ್ಬದ ಕುದುರೆಯ ಮೇಲೆ ಕಣ್ಣಿಟ್ಟು ಸಾಸೇಜು ಕೊಯ್ದುಕೊಂಡು ತಿನ್ನುತ್ತಿದ್ದ. ಕಣ್ಣು ಅಂದರೆ ಬಲಗಣ್ಣು ಮಾತ್ರ. ಎಡರೆಪ್ಪೆ ಬೆಂದ ಈರುಳ್ಳಿಯಂತೆ ಊದಿ ಮುಚ್ಚಿಕೊಂಡಿತ್ತು. ಹಣೆಯ ಎಡಭಾಗದಲ್ಲಿ ಗುಳ್ಳೆಗಳ ಗೊಂಚಲು, ಹಣೆಯ ನಡುಗೆರೆಗೆ ಬಂದು ಚಾಕುವಿನಿಂದ ಕೊಯ್ದಂತೆ ನಿಂತಿತ್ತು. ರೆಜೀನ್ ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೂಗಿನ ತುದಿಯಲ್ಲಿ, ಎಡಬದಿಗೆ, ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆಯಿತ್ತು.

ಅವಳು ಗದ್ದ ಬಿಟ್ಟು ಜೇಬಿನಿಂದ ಕಾರಿನ ಕೀ ತೆಗೆದಳು.

"ಏಳು ಭಾವ. ಕಾರು ಹತ್ತು."

"ಕುದುರೆ ಬಿಟ್ಟು ನಾನೆಲ್ಲಿಗೂ ಬರಲ್ಲ."

"ಕಣ್ಣು ಹೋಗುತ್ತೆ."

"ನೋವಿಲ್ಲದ ಕಣ್ಣು ಹೆಂಗೆ ಹೋಗುತ್ತೆ? ನೀನು ಉರಿ ತೆಗೆದ್ಯೋ ಇಲ್ವೋ?"

"ಉರಿ ತೆಗೆದಿದೀನಿ. ರೋಗ ತೆಗೆದಿಲ್ಲ."

"ಇದೇನೇ ಹೊಸ ಲೆಕ್ಕ? ಫಿಲೊಮೆನ್ ಕಾಲದಲ್ಲಿ ಈ ಲೆಕ್ಕ ಇರ್ಲಿಲ್ಲವಲ್ಲ." ಅವನು ಚಾಕು ಕೆಳಗಿಟ್ಟ. "ನಮ್ಮಪ್ಪ ಕಾಲು ಕೆಂಪಾಗಿದೆ ಅಂತ ಆಸ್ಪತ್ರೆಗೆ ಹೋದ. ಕಾಲನ್ನ ಅಲ್ಲೇ ಬಿಟ್ಟು ಬಂದ. ಆಮೇಲೆ ಅವನು ಕುದುರೆ ಹತ್ತಲೇ ಇಲ್ಲ. ನಾನು ಹೋದ್ರೆ ಕಣ್ಣನ್ನ ಅಲ್ಲಿ ತಟ್ಟೇಲಿ ಇಟ್ಟು ಬರ್ತೀನಿ ಅಷ್ಟೆ."

"ನಿಮ್ಮಪ್ಪ ತಡವಾಗಿ ಹೋಗಿದ್ರು, ಅದಕ್ಕೇ—"

"ನಿನಗೆ ಯಾರು ಹೇಳಿದ್ದು? ಆ ಆಸ್ಪತ್ರೆಯೋರಾ?"

ಲಾಯದೊಳಗೆ ಕುದುರೆ ನೆಲ ಕೆರೆಯಿತು. ಅವನು ಎದ್ದು ಹೋಗಿ ಅದರ ಕುತ್ತಿಗೆ ತಟ್ಟಿದ. ಎಡಗಡೆಯ ಕಂಬ ಕಾಣದೆ ಅದಕ್ಕೆ ಭುಜ ತಾಗಿಸಿಕೊಂಡ, ತಾಗಲೇ ಇಲ್ಲವೆಂಬಂತೆ ನಿಂತ.

ಅವಳಿಗೆ ಅಲ್ಲಿಯೇ ಅರಿವಾಯಿತು. ಉರಿ ಇದ್ದಿದ್ದರೆ ಈ ಹಠಮಾರಿ ತಾನಾಗಿಯೇ ಬೆಟ್ಟ ಇಳಿದು ಓಡುತ್ತಿದ್ದ. ಅವನ ಕಣ್ಣಿಗೂ ಆಸ್ಪತ್ರೆಗೂ ನಡುವೆ ಅಡ್ಡ ನಿಂತಿರುವುದು ಬೇರೆ ಯಾರೂ ಅಲ್ಲ, ಅವಳು ತೆಗೆದುಹಾಕಿದ ಆ ಉರಿಯೇ. ನಾಳೆ ಮತ್ತೆ ಉರಿದರೆ ಅವನು ಮತ್ತೆ ಫೋನ್ ಮಾಡುತ್ತಾನೆ. ಅವಳು ಇಲ್ಲ ಅನ್ನುವಂತಿಲ್ಲ. ಮತ್ತೆ ತಣ್ಣಗಾಗುತ್ತದೆ. ತಣ್ಣಗಿರುವಾಗಲೇ ಕಣ್ಣು ಒಳಗೊಳಗೇ ಬೆಂದುಹೋಗುತ್ತದೆ. ಸುಳ್ಳು ಹೇಳಿ, ಮಾಡಿದ್ದನ್ನು ವಾಪಸು ತೆಗೆದೆ ಅನ್ನೋಣವೆಂದರೆ, ಹಾಗೆ ತೆಗೆಯಲು ಬರುವುದಿಲ್ಲವೆಂದು ಅವನಿಗೂ ಗೊತ್ತು.

"ಸರಿ ಹಂಗಾದ್ರೆ," ಎಂದು ಅವಳು ಹೊರಟಳು. ಮನೆಗೆ ಹೋಗಲಿಲ್ಲ. ಸೀದಾ ಬೆಟ್ಟ ಇಳಿದಳು.

ಸಂಜೆ ಬಿಸಿಲು ಇನ್ನೂ ಇತ್ತು. ನಾದೆಜ್ ಪಾಳಿ ಮುಗಿಸಿ, ಆಂಬುಲೆನ್ಸ್ ಬಂದು ನಿಲ್ಲುವ ಇಳಿಜಾರಿನ ಪಕ್ಕದ ಕಟ್ಟೆಯ ಮೇಲೆ ಕೂತು ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ರೆಜೀನ್ ಎಲ್ಲವನ್ನೂ ಹೇಳಿದಳು. ನಾದೆಜ್ ಲೋಟ ಕೆಳಗಿಟ್ಟಳು.

"ಮೂಗಿನ ತುದೀಲಿ? ನೀವೇ ಕಣ್ಣಾರೆ ನೋಡಿದ್ರಾ? ಹಾಗಾದ್ರೆ ಇವತ್ತೇ ಬರಬೇಕು ಅವರು. ನಾಳೆ ಬೆಳಿಗ್ಗೆ ಅಲ್ಲ."

"ಎಳ್ಕೊಂಡು ಬರೋಕಾಗಲ್ಲ. ಕುದುರೆ ಹಂಗೆ ಇದಾನೆ. ಅವನಿಗೆ ಬೇಕಾದ್ದು ಎಲ್ಲಿರುತ್ತೋ ಅಲ್ಲಿಗೆ ಮಾತ್ರ ಬರ್ತಾನೆ." ರೆಜೀನ್ ತನ್ನ ಅಂಗೈಗಳನ್ನು ನೋಡಿಕೊಂಡಳು. "ಅದಕ್ಕೇ ಅದನ್ನ ಇಲ್ಲಿ ಇಡೋಣ ಅಂತ ಬಂದೆ. ನಿಮ್ಮ ಹತ್ರ."

ನಾದೆಜ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಎದ್ದು ನಿಂತಳು.

"ಗುಟ್ಟನ್ನಾ? ನನಗಾ? ಮೇಡಂ ಕಾಟೆನ್, ನಾನು ನರ್ಸು. ನಾನು ಅದನ್ನ ನಂಬ್ತೀನೋ ಇಲ್ವೋ ನನಗೇ ಗೊತ್ತಿಲ್ಲ."

"ನಂಬಬೇಕು ಅಂತ ಏನಿಲ್ಲ. ಕೇಳಿದೋರಿಗೆ ಒಳ್ಳೇದಾಗಲಿ ಅಂತ ಇದ್ರೆ ಸಾಕು, ಅಂತಿದ್ರು ನನಗೆ ಕೊಟ್ಟೋರು."

"ಕೊಟ್ಟುಬಿಟ್ರೆ ನಿಮ್ಮ ಹತ್ರ ಇರಲ್ಲ ಅಲ್ವಾ?"

"ಇರಲ್ಲ."

"ನಿಮಗೆ ತಂಗಿ ಮಗಳೋ ಅಣ್ಣನ ಮಗಳೋ ಯಾರೂ ಇಲ್ವಾ? ಮನೆತನದಲ್ಲಿ ಇರಬೇಕಾದ್ದಲ್ವಾ ಇದು?"

ಸೊಲಾಂಜ್‌ಗೆ ಮಕ್ಕಳಾಗಲಿಲ್ಲ. ತನಗೆ ಮದುವೆಯೇ ಆಗಲಿಲ್ಲ. ಅರ್ಮಾನ್‌ನ ಮಗಳು ಸೋಫಿಯ ಮೇಲೆ ಅವಳಿಗೆ ಕಣ್ಣಿತ್ತು. ಒಳ್ಳೆಯ ಹುಡುಗಿ, ಬಾಯಿ ಬಿಗಿ ಹಿಡಿಯಬಲ್ಲಳು. ಇನ್ನೂ ಕೆಲವು ವರ್ಷ ಕಳೆಯಲಿ ಎಂದು ಕಾದಿದ್ದಳು. ಇದನ್ನೆಲ್ಲ ರೆಜೀನ್ ಹೇಳಲಿಲ್ಲ.

"ಇಲ್ಲ" ಎಂದಳು, ಅಷ್ಟೇ.

ನಾದೆಜ್ ಇಳಿಜಾರಿನ ಕಡೆ ತಿರುಗಿದಳು. ಒಂದು ಆಂಬುಲೆನ್ಸ್ ಬಂದು ನಿಂತಿತು. ಒಬ್ಬ ಮುದುಕಿಯನ್ನು ಇಳಿಸಿಕೊಂಡರು. ಆಂಬುಲೆನ್ಸ್ ಖಾಲಿಯಾಗಿ ಹೋಯಿತು.

"ತಗೋತೀನಿ," ಎಂದಳು ಕೊನೆಗೆ. "ಆದ್ರೆ ನನ್ನದೊಂದು ಷರತ್ತು. ನನ್ನನ್ನ ಕೇಳೋರನ್ನ ಮೊದಲು ಡಾಕ್ಟರು ನೋಡಿರಬೇಕು. ಆಮೇಲೇ ನಾನು ಮಾಡೋದು. ಮನೇಲಿ ಕೂತು ಫೋನ್ ಮಾಡೋರಿಗೂ ಅದೇ. ಮೊದಲು ಡಾಕ್ಟರ್, ಆಮೇಲೆ ನಾನು. ಹಾಗೆ ನಡಿಯುತ್ತಾ?"

ರೆಜೀನ್ ಯೋಚಿಸಿದಳು. ಗುಟ್ಟು ಹೊಂದಿದವರು ಕೇಳಿದವರಿಗೆ ಇಲ್ಲ ಅನ್ನಬಾರದು ಎಂದು ಫಿಲೊಮೆನ್ ಹೇಳಿದ್ದಳು. ತೆಗೆದುಕೊಳ್ಳುವ ಗಳಿಗೆಯಲ್ಲಿ, ಇನ್ನೂ ಕೈಗೆ ಬರುವ ಮೊದಲು, ಷರತ್ತು ಹಾಕಬಾರದೆಂದು ಹೇಳಿರಲಿಲ್ಲ. ತನಗೆ ಆ ಗಳಿಗೆಯಲ್ಲಿ ಇದು ಹೊಳೆದಿರಲಿಲ್ಲ. ಆಗ ಹೊಳೆಯಬಹುದಾಗಿದ್ದದ್ದು ತೊಡೆ ಚಿವುಟಿದ ನೋವು ಮಾತ್ರ.

"ನಡಿಯುತ್ತೆ," ಎಂದಳು. "ಅದೇ ಸರಿ."

ಅವರು ಹೊಗೆ ಸೇದುವವರಿಗಾಗಿ ಬಿಟ್ಟ ಮಾಡಿನ ಹಿಂದೆ ಹೋದರು. ರೆಜೀನ್ ನರ್ಸಿನ ಕಿವಿಯ ಹತ್ತಿರ ಬಾಗಿ ಆ ಮಾತುಗಳನ್ನು ಹೇಳಿದಳು. ನಾದೆಜ್ ತಿರುಗಿ ಹೇಳಿದಳು. ಒಂದು ಕಡೆ ತಪ್ಪಿದಳು, ತಿದ್ದಿಸಿಕೊಂಡಳು. ರೆಜೀನ್ ಚಿವುಟಲಿಲ್ಲ. ಮುಗಿದ ಮೇಲೆ ತನ್ನೊಳಗೆ ಏನಾದರೂ ಕಡಿಮೆಯಾಯಿತೇ ಎಂದು ರೆಜೀನ್ ನೋಡಿಕೊಂಡಳು. ಕಾಲು ನೋಯುತ್ತಿತ್ತು, ಹಸಿವಾಗಿತ್ತು. ಬೇರೆ ಏನೂ ತಿಳಿಯಲಿಲ್ಲ.

ಕಾರಿನಲ್ಲಿ ಕೂತು ಭಾವನಿಗೆ ಫೋನ್ ಮಾಡಿದಳು.

"ಭಾವ, ಗುಟ್ಟನ್ನ ದಾಟಿಸಿಬಿಟ್ಟೆ. ಇನ್ನು ನನ್ನ ಹತ್ರ ಇಲ್ಲ. ಆಸ್ಪತ್ರೆ ನರ್ಸ್ ನಾದೆಜ್ ಹತ್ರ ಇದೆ. ನಿನ್ನ ಉರಿಯೂ ಅವಳ ಕೈಗೇ ಹೋಯ್ತು."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ."

"ನಮ್ಮ ಊರಿಂದ ತೆಗೆದು ಪಟ್ಟಣಕ್ಕೆ ಕೊಟ್ಯಾ? ನರ್ಸ್‌ಗೆ? ನಿನ್ನ ತಲೆ ಕೆಟ್ಟಿದ್ಯೇನೇ? ನಿಮ್ಮಕ್ಕ ಇದ್ದಿದ್ರೆ ಪೊರಕೆ ತಗೋತಿದ್ಳು!"

"ಅಕ್ಕ ಇದ್ದಿದ್ರೆ ಅದೇ ಪೊರಕೇಲಿ ನಿನ್ನನ್ನ ಬೆಳಿಗ್ಗೇನೇ ಆಸ್ಪತ್ರೆಗೆ ಗುಡಿಸಿ ಹಾಕಿರೋಳು."

ಫೋನ್ ತಟ್ಟನೆ ಕಟ್ ಆಯಿತು. ಅವಳು ಅಲ್ಲಿಯೇ ಕೂತಿದ್ದಳು. ಅವನು ಬರದೇ ಹೋದರೆ? ಕಣ್ಣೂ ಹೋಯಿತು, ಗುಟ್ಟೂ ಹೋಯಿತು. ಸ್ಟಿಯರಿಂಗ್ ಹಿಡಿದ ಅಂಗೈಯ ಬಿರುಕುಗಳು ಚುರುಗುಟ್ಟಿದವು. ಬೆಟ್ಟದ ತುದಿಯ ಬಿಸಿಲು ಕೆಂಪಾಗುತ್ತ ಬಂದಾಗ ಫೋನ್ ಬಂತು.

"ಹಾಳಾದವಳೇ," ಎಂದ ಉರ್ಬೆನ್. ದನಿ ಹಲ್ಲಿನ ನಡುವಿನಿಂದ ಬರುತ್ತಿತ್ತು. "ಉರೀತಿದೆ. ಕಣ್ಣೊಳಗೇ ಉರೀತಿದೆ."

ದಾಟಿಸಿದ್ದರಿಂದ ಉರಿ ಮರಳಿತೋ, ದಾಟಿಸಿದೆ ಎಂಬ ಮಾತಿನಿಂದ ಮರಳಿತೋ, ರೋಗ ತನ್ನ ಪಾಡಿಗೆ ತಾನು ಏರಿತೋ, ಅದನ್ನು ರೆಜೀನ್ ಆಮೇಲೆಯೂ ಬಿಡಿಸಿ ನೋಡಲಿಲ್ಲ. "ಬಂದೆ ಭಾವ," ಎಂದಳು.

ಅರ್ಮಾನ್‌ಗೆ ಹೇಳಿ ಕುದುರೆಯ ಬಳಿ ಕೂರಿಸಿದಳು. ಅವನು ಒಂದು ಸೀಸೆ ಪೇರಳೆ ಸಾರಾಯಿ, ಒಂದು ಕಂಬಳಿ ತಂದ. "ಕಾಯೋದು ಕುದುರೆಯನ್ನೋ ಸೀಸೆಯನ್ನೋ?" ಎಂದು ಉರ್ಬೆನ್ ಆ ನೋವಿನಲ್ಲೂ ಕೇಳಿದ. "ಮರಿ ಹೆಣ್ಣಾದ್ರೆ ಕುದುರೆ, ಗಂಡಾದ್ರೆ ಸೀಸೆ," ಎಂದ ಅರ್ಮಾನ್. ಉರ್ಬೆನ್ ಮುಖಕ್ಕೆ ಒದ್ದೆ ಟವೆಲು ಒತ್ತಿಕೊಂಡು ಕಾರು ಹತ್ತಿದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ತಿರುವುಗಳಲ್ಲಿ ಮಾತ್ರ ನರಳುತ್ತಿದ್ದ.

ನಾದೆಜ್ ಮನೆಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು.

"ನೀನೇನಾ ಆ ನರ್ಸು? ಬೇಗ ಮಾಡು. ನಾನು ವಾಪಸ್ ಹೋಗ್ಬೇಕು," ಎಂದ ಉರ್ಬೆನ್.

"ಮೊದಲು ಡಾಕ್ಟರ್, ಫ್ರೆಸಾರ್ ಅವರೇ."

"ಮೊದಲು ಉರಿ."

"ಮೊದಲು ಡಾಕ್ಟರ್. ನನ್ನ ಹತ್ರ ಇರೋದು ಹಾಗೇ ಬಂದಿರೋದು. ಬೇಕಾದ್ರೆ ನಿಮ್ಮ ನಾದಿನೀನ ಕೇಳಿ."

ಅವನು ಒಂದೇ ಕಣ್ಣಿನಲ್ಲಿ ರೆಜೀನ್‌ಳನ್ನು ನುಂಗುವಂತೆ ನೋಡಿದ. ರೆಜೀನ್ ಹೌದೆಂದು ತಲೆಯಾಡಿಸಿದಳು. ಇಂಥ ಮಾತಿಗೆ ಎದುರಾಡುವ ಧೈರ್ಯ ಆ ಬೆಟ್ಟದವರಿಗಿಲ್ಲ. ಡಾಕ್ಟರಿಗಾದರೆ ಎದುರಾಡಿಯಾರು, ಗುಟ್ಟಿನ ಕಟ್ಟುಪಾಡಿಗೆ ಇಲ್ಲ. ಅವನು ಗುರುಗುಟ್ಟುತ್ತ ಒಳಗೆ ಹೋದ.

ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರ್ ಒಬ್ಬಳು ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ನೋಡಿದಳು, ಕೂಡಲೇ ಕಣ್ಣಿನ ಡಾಕ್ಟರನ್ನು ಕರೆಸಿದಳು, ರಕ್ತನಾಳಕ್ಕೆ ಔಷಧಿ ಏರಿಸಿದಳು. ಕಣ್ಣಿನ ಕರಿಗುಡ್ಡೆಯ ಮೇಲೆ ಆಗಲೇ ಹುಣ್ಣು ಕಾಣಿಸಿಕೊಂಡಿತ್ತು. ಎಷ್ಟು ಉಳಿಯುತ್ತದೆ ಎಂದು ಈಗ ಹೇಳಲಾಗದು, ಉಳಿಸಲು ಸಾಧ್ಯವಿರುವ ಹೊತ್ತಿನಲ್ಲೇ ಬಂದಿದ್ದೀರಿ, ಎಂದಳು. ಅದಾದ ಮೇಲೆ ನಾದೆಜ್ ಬಟ್ಟೆ ಒಗೆಯಲು ಒಯ್ಯುವ ದೊಡ್ಡ ಗಾಡಿಯ ಹಿಂದೆ ಹೋಗಿ ಗೋಡೆಯ ಕಡೆ ತಿರುಗಿ ನಿಂತಳು. ಬಾಗಿಲ ಬಳಿ ಕೂತಿದ್ದ ರೆಜೀನ್‌ಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ತನ್ನ ತುಟಿಗಳೂ ಅಲುಗುತ್ತಿವೆಯೆಂದು ಗೊತ್ತಾಗಿ ಅವಳು ಬಾಯಿ ಬಿಗಿಹಿಡಿದುಕೊಂಡಳು.

ಉರ್ಬೆನ್‌ಗೆ ನಿದ್ದೆ ಹತ್ತಿತು. ಔಷಧಿಯಿಂದ ಎಂದು ಡಾಕ್ಟರ್ ತಿಳಿದಳು. ಉರ್ಬೆನ್ ತಿಳಿದದ್ದು ಬೇರೆ.

ಆ ವಾರವೆಲ್ಲ ಅವನು ಅಲ್ಲೇ ಇದ್ದ. ಕುದುರೆ ಮರಿ ಹಾಕಿತು. ಅರ್ಮಾನ್ ಸೀಸೆಯನ್ನು ಅರ್ಧ ಮಾತ್ರ ಮುಗಿಸಿದ್ದನಂತೆ, ಅದನ್ನೇ ದೊಡ್ಡ ತ್ಯಾಗವೆಂಬಂತೆ ಡೇರಿಯಲ್ಲಿ ಹೇಳಿಕೊಂಡು ತಿರುಗಿದ. ರೆಜೀನ್‌ಗೆ ಕರೆಗಳು ಬರುತ್ತಲೇ ಇದ್ದವು. ಬಂದ ಪ್ರತಿಯೊಬ್ಬರಿಗೂ ಅವಳು ಇನ್ನು ನಾನಲ್ಲ ಎಂದು ಹೇಳಬೇಕಾಯಿತು. ಒಬ್ಬಳು ತಾಯಿ ಫೋನಿನಲ್ಲಿ ಅತ್ತಳು. ಮಗುವಿನ ಕೈ ಸುಟ್ಟಿದೆ, ನೀವೇ ಮಾಡಬೇಕು ಎಂದಳು. ರೆಜೀನ್ ತಣ್ಣೀರಲ್ಲಿ ಕೈ ಹಿಡಿಸಿದಳು, ಫೋನ್ ಇಡದೆ ಸಮಾಧಾನ ಹೇಳುತ್ತಿದ್ದಳು, ಆಸ್ಪತ್ರೆಗೆ ಹೊರಡಿಸಿದಳು. ಆಮೇಲೆ ಹಲಗೆಗಳ ಸಾಲಿನ ಕೊನೆಗೆ ಹೋಗಿ ಸುಮ್ಮನೆ ನಿಂತಳು. ಅಲ್ಲಿ ಮಾಡಲು ಅವಳಿಗೆ ಏನೂ ಇರಲಿಲ್ಲ. ಬೇಕರಿಯಲ್ಲಿ ಕೆಲವರು ಮುಖ ತಿರುಗಿಸಿದರು. ಊರಿನ ಸೊತ್ತನ್ನು ಪಟ್ಟಣಕ್ಕೆ ಮಾರಿದಳು ಎಂದು ಕೂಡ ಅಂದರಂತೆ. ಅರ್ಮಾನ್‌ನ ಮಗಳು ಸೋಫಿ ಒಂದು ದಿನ ನೆಲಮಾಳಿಗೆಗೆ ಬಂದು ಏನನ್ನೋ ಕೇಳಬೇಕೆಂದು ನಿಂತು, ಕೇಳದೆ ಬ್ರಷ್ಷುಗಳನ್ನು ತೊಳೆದಿಟ್ಟು ಹೋದಳು. ಆ ದಿನ ಮಾತ್ರ ರೆಜೀನ್‌ಗೆ ಕೆಲಸ ಸಾಗಲಿಲ್ಲ.

ಉರ್ಬೆನ್ ಮನೆಗೆ ಬಂದ ಮೇಲೆ ಅವಳು ನೋಡಲು ಹೋದಳು. ಮರಿಯನ್ನು ಮೊದಲ ಸಲ ಹುಲ್ಲುಗಾವಲಿಗೆ ಬಿಟ್ಟಿದ್ದರು. ಅವನು ಬೇಲಿಗೆ ಒರಗಿ ನಿಂತಿದ್ದ. ಎಡಗಣ್ಣಿನ ಮೇಲೆ ಪಟ್ಟಿ ಇರಲಿಲ್ಲ. ಹಣೆಯ ಮೇಲೆ ಗುಳ್ಳೆ ಒಣಗಿದ ಕಪ್ಪು ಚುಕ್ಕಿಗಳಿದ್ದವು. ಅವನು ಅವಳ ಕಡೆ ತಿರುಗಲಿಲ್ಲ.

"ಇನ್ನೂ ಕೋಪಾನಾ ಭಾವ?"

"ಮೋಸ ಮಾಡ್ದೆ ನೀನು."

"ಮಾಡ್ದೆ."

"ಮತ್ತೆ ಆ ನರ್ಸಮ್ಮ. ದಿನಾ ಬೆಳಿಗ್ಗೆ ಬಂದು, ಔಷಧಿ ತಗೊಂಡ್ರಾ, ಕಣ್ಣಿಗೆ ಹನಿ ಬಿಟ್ಕೊಂಡ್ರಾ, ಹಂಗಾದ್ರೆ ಉರಿ ತೆಗೀತೀನಿ, ಅಂತ. ಮಕ್ಕಳಿಗೆ ಮಿಠಾಯಿ ತೋರಿಸ್ದಂಗೆ." ಅವನು ಉಗುಳಿದ. "ಫಿಲೊಮೆನ್ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಿದ್ಳು."

"ತೆಗೆದ್ಳಾ?"

ಅವನು ಬೇಲಿಯ ಗೂಟವನ್ನು ಅಲುಗಿಸಿ ನೋಡಿದ. "ತೆಗೆದ್ಳು ಅನ್ಸುತ್ತೆ. ನಿನ್ನಷ್ಟು ತಣ್ಣಗಲ್ಲ."

ರೆಜೀನ್ ಅವನ ಬಲಗಡೆಗೆ ಹೋಗಿ ನಿಂತಳು. ಕೇಳದೆಯೇ ತನ್ನ ಬಿರುಕು ಬಿಟ್ಟ ಅಂಗೈಯನ್ನು ಅವನ ಒಳ್ಳೆಯ ಕಣ್ಣಿನ ಮೇಲಿಟ್ಟು ಮುಚ್ಚಿದಳು. ಅವನು ಕೊಸರಿಕೊಳ್ಳಲಿಲ್ಲ.

"ಏನ್ ಕಾಣುತ್ತೆ?"

ಅವನು ಹುಲ್ಲುಗಾವಲಿನ ಕಡೆ ಮುಖವಿಟ್ಟು ಬಹಳ ಹೊತ್ತು ನಿಂತ. ಎಡಗಣ್ಣಿನಿಂದ ನೀರಿಳಿಯಿತು. ಅದು ಔಷಧಿಯ ಹನಿಯೂ ಇದ್ದೀತು.

"ಹಸಿರು," ಎಂದ. "ಹಸಿರಿನ ಮೇಲೆ ಕಂದು, ದೊಡ್ಡದು. ತಾಯಿ ಅದು. ಅದರ ಹಿಂದೆ ಚಿಕ್ಕದು ಓಡ್ತಾ ಇದೆ. ಮಂಜು ಮುಸುಕಿದ ಬೆಳಿಗ್ಗೆ ಕಂಡಂಗೆ ಕಾಣುತ್ತೆ."

"ಇನ್ನೇನು?"

"ಚಿಕ್ಕದರ ಹಣೆ ಮೇಲೆ ಏನೋ ಬೆಳ್ಳಗಿದೆ. ನಕ್ಷತ್ರಾನೋ ಪಟ್ಟೆನೋ ಗೊತ್ತಾಗ್ತಿಲ್ಲ."

"ಪಟ್ಟೆ," ಎಂದಳು ರೆಜೀನ್.

ಅವನು ತಲೆಯಾಡಿಸಿದ. ಮರಿ ಬೇಲಿಯುದ್ದಕ್ಕೂ ಓಡಿತು. ಅವನ ಎಡಗಣ್ಣು ತಡವಾಗಿ, ನಿಧಾನವಾಗಿ, ಆದರೂ ತಪ್ಪದೆ ಅದರ ಹಿಂದೆಯೇ ಹೋಯಿತು.